ಹಾಲ್‌ನ ಸಾಕ್ಷಿ, ಕೋರ್ಟಿನ ಸಾಕ್ಷಿ

ಹುಡುಗರ ಮನೆ, ಮಹಡಿಯ ಆಫೀಸು ಕೋಣೆ
ಹದಿಮೂರನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಮಗಳ ಬಾಣಂತನಕ್ಕೆಂದು ಹೋದವಳು ನೀನೇ ಹಾಸಿಗೆ ಹಿಡಿಯಬೇಡ. ಮೆಟ್ಟಿಲು ಹತ್ತಿ ಇಳಿಯುವ ಕೆಲಸವನ್ನೆಲ್ಲ ಅಳಿಯನಿಗೆ ಬಿಡು, ಅವನ ಕಾಲು ಗಟ್ಟಿಯಾಗಿವೆ. ಕೂಸಿನ ಮೂಗು ಯಾರದು ಎಂದು ನೀನು ಬರೆಯಲೇ ಇಲ್ಲ. ನಮ್ಮ ಅಪ್ಪನದಾಗಿದ್ದರೆ ಈಗಲೇ ತಿಳಿಸು, ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ. ಹುಡುಗರು ದಿನಾ ಕೇಳುತ್ತಾರೆ, ದೊಡ್ಡಮ್ಮ ಯಾವಾಗ ಬರ್ತಾರೆ ಅಂತ. ಈ ಚಿಕ್ಕಮ್ಮನ ಕೈಗೆ ಸಿಕ್ಕು ಅವರಿಗೆ ಸಾಕಾಗಿದೆಯಂತೆ. ನಾನು ಚೆನ್ನಾಗಿದ್ದೇನೆ, ರಕ್ತದೊತ್ತಡವೊಂದು ಬಿಟ್ಟರೆ. ಅದು ಯಾಕೆ ಏರಿದೆ ಎಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಹೊರಟರೆ ಕೂಗಾಡುತ್ತೇನೆ, ಪಕ್ಕದಲ್ಲಿ ಮಲಗಿದ ಕೂಸು ಎದ್ದುಬಿಡುತ್ತದೆ.

ಇಲ್ಲಿ ಈಗ ಹುಡುಗರು ಹನ್ನೊಂದು, ಸ್ವಯಂಸೇವಕರು ಮೂವತ್ತು. ಮಾರಾಟವಾಗಿ ದುಡಿದು ಬಂದ ಗಂಡುಹುಡುಗರಿಗೂ ಒಂದು ಮನೆ ಬೇಕು ಎಂದು ನೀನು ನಮ್ಮ ಚರ್ಚಿನ ಸಭೆಯವರ ಬೆನ್ನು ಹತ್ತಿ, ಜಗಳವಾಡಿ ಈ ಬಾಗಿಲು ತೆರೆದಾಗ ನಾವಿದ್ದದ್ದು ನಾಲ್ಕೇ ಹೆಂಗಸರು. ಪಾತ್ರೆ ತೊಳೆಯಲೂ ಜನವಿರಲಿಲ್ಲ. ಈಗಲೂ ಪಾತ್ರೆ ತೊಳೆಯುವವರಿಲ್ಲ, ಉಳಿದ ಎಲ್ಲರೂ ಇದ್ದಾರೆ. ಒಳ್ಳೆಯವರೇ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು. ಒಬ್ಬಾಕೆ ಬಂದವಳೇ ಹುಡುಗರ ಗಲ್ಲ ಹಿಡಿದು ಅಳುತ್ತಾಳೆ, ಆಮೇಲೆ ಹುಡುಗರೇ ಓಡಿಹೋಗಿ ಅವಳಿಗೆ ನೀರು ತಂದುಕೊಡಬೇಕು. ನಿವೃತ್ತ ಮೇಷ್ಟ್ರೊಬ್ಬರು ಊಟಕ್ಕೆ ಮೊದಲು ಹನ್ನೆರಡು ನಿಮಿಷ ಪ್ರಾರ್ಥನೆ ಮಾಡುತ್ತಾರೆ. ನಾನು ಗಡಿಯಾರ ನೋಡಿದ್ದೇನೆ, ದೇವರು ಕ್ಷಮಿಸಲಿ. ಹೋದ ತಿಂಗಳು ಯುವಕರ ತಂಡ ಎರಡು ಹೊಲಿಗೆ ಯಂತ್ರಗಳಿಗೆ ರಿಬ್ಬನ್ ಕಟ್ಟಿ ತಂದಿಟ್ಟಿತು, ಹುಡುಗರಿಗೊಂದು ಕೈಕಸುಬು ಇರಲಿ ಎಂದು. ಎರಡು ವರ್ಷ ಬೀಗ ಹಾಕಿದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಬಂದ ಮಕ್ಕಳಿಗೆ ಹೊಲಿಗೆ ಯಂತ್ರ! ಐದು ಜನ ಹುಡುಗರು ಎದ್ದು ಅಂಗಳಕ್ಕೆ ಹೋದರು. ಒಬ್ಬ ತಾರಸಿ ಹತ್ತಿದವನು ಸಂಜೆಯವರೆಗೂ ಇಳಿಯಲಿಲ್ಲ. “ಪಾಪ, ನಾಚ್ಕೋತಿದಾರೆ” ಎಂದು ಆ ತಂಡದ ನಾಯಕ ನಕ್ಕ. ನಾನು ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಹೇಳಿದೆ. ಯಂತ್ರಗಳು ಈಗ ನನ್ನ ಮೇಜಿನ ಪಕ್ಕದಲ್ಲೇ ಬೆಡ್‌ಶೀಟು ಹೊದ್ದು ನಿಂತಿವೆ.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ನಮ್ಮ ಹುಡುಗ ಗುಂಡಿಯ ವಿಷಯ ಹಾಗಲ್ಲ. ಅವನಿದ್ದ ಕೋಣೆಯಲ್ಲಿ ಶರ್ಟಿಗೆ ಗುಂಡಿ ಹೊಲಿಯುವುದು ಅವನ ಪಾಲಿನ ಕೆಲಸವಾಗಿತ್ತಲ್ಲ, ಉಳಿದವರು ಅದೇ ಹೆಸರಿಟ್ಟರು. ಈಗಲೂ ಕೈ ಸುಮ್ಮನಿರುವುದಿಲ್ಲ, ಯಾರದೋ ಅಂಗಿ ಎಳೆದುಕೊಂಡು ಕೂತಿರುತ್ತಾನೆ. ಅಲ್ಲಿ ಕೂಡಿಹಾಕಿ ದುಡಿಸಿದ ಗುತ್ತಿಗೆದಾರನ ಮೇಲಿನ ಕೇಸು ಇವನೊಬ್ಬನ ಮಾತಿನ ಮೇಲೆ ನಿಂತಿದೆ ಎಂದು ನಿನಗೆ ಗೊತ್ತು. ಆ ಕೋಣೆಯಲ್ಲಿ ಜೊತೆಗಿದ್ದ ಮೂವರನ್ನು ಮನೆಯವರು ಹೆದರಿ ಕರೆದುಕೊಂಡು ಹೋದರು, ಇಲ್ಲಿರುವ ಉಳಿದವರು ಬೇರೆ ಕಡೆ ದುಡಿದು ಬಂದವರು. ಹೊರಗಿನಿಂದ ಬೀಗ ಹಾಕುತ್ತಿದ್ದದ್ದು, ಎಲ್ಲರಿಗಿಂತ ಚಿಕ್ಕವನ ಕೈಗೆ ಇಸ್ತ್ರಿಪೆಟ್ಟಿಗೆ ಒತ್ತಿದ್ದು, ಇದನ್ನೆಲ್ಲ ಕಣ್ಣಾರೆ ಕಂಡು ಹೇಳಬಲ್ಲವನು ಇವನೊಬ್ಬನೇ. ಇವನು ಬಾಯಿ ಬಿಡದಿದ್ದರೆ ಆ ಮನುಷ್ಯ ಮನೆಗೆ ಹೋಗುತ್ತಾನೆ, ಇನ್ನೊಂದು ಕೋಣೆಗೆ ಇನ್ನೊಂದು ಬೀಗ ಕೊಳ್ಳುತ್ತಾನೆ.

ಹೀಗಿರುವಾಗ ನಮ್ಮ ಸಭಾಪಾಲಕರಿಗೆ ಒಂದು ಆಸೆ ಹುಟ್ಟಿತು. ಭಾನುವಾರದ ಆರಾಧನೆಯಲ್ಲಿ ಮನೆಯ ಒಬ್ಬ ಹುಡುಗ ಎದ್ದು ಸಾಕ್ಷಿ ಹೇಳಬೇಕು. ನಾವೆಲ್ಲ ಹೇಳುವುದಿಲ್ಲವೇ, ಜ್ವರ ವಾಸಿಯಾಯಿತು, ಮಗನಿಗೆ ಕೆಲಸ ಸಿಕ್ಕಿತು, ದೇವರಿಗೆ ಸ್ತೋತ್ರ ಎಂದು, ಹಾಗೆ. ಗುಂಡಿ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ, ಅವನನ್ನು ಯಾವತ್ತಾದರೂ ಯಾರಾದರೂ ಕೇಳಿ ಒಪ್ಪಿಸಿದ್ದುಂಟೇ? ಅವನ ಬಾಯಿಂದ ಬಂದದ್ದು ಮೂರೇ ಮಾತು: “ಕರ್ಕೊಂಡ್ ಹೋದ್ರು. ಬಾಗ್ಲು ಹಾಕಿದ್ರು. ಈಗ ಇಲ್ಲಿದೀನಿ.” ಇದು ಸಾಲದು, ಕ್ಷಮೆಯ ಮಾತಿಲ್ಲದೆ ಸಾಕ್ಷಿ ಮುಗಿಯಬಾರದು ಎಂದರು ಸಭಾಪಾಲಕರು. ಕೊನೆಗೆ ಒಂದು ಹಾಳೆ ತಯಾರಾಯಿತು. ಹುಡುಗ ಒಂದು ವಾರ ಅದನ್ನು ಬಾಯಿಪಾಠ ಮಾಡಿದ. ಆವತ್ತು ಮುನ್ನೂರು ಜನರ ಮುಂದೆ ಕೈಕಟ್ಟಿ ನಿಂತು, ಒಂದು ಅಕ್ಷರ ತಪ್ಪದೆ ಒಪ್ಪಿಸಿದ. ಚರ್ಚಿನ ಹಾಲ್ ತುಂಬ ಚಪ್ಪಾಳೆ. ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ, ಕಣ್ಣೀರನ್ನೂ ಒರೆಸಿಕೊಂಡೆ.

ಮೊನ್ನೆ ಗುರುವಾರ ಕೋರ್ಟಿತ್ತು. ಮಕ್ಕಳಿಗೆಂದೇ ಚಿಕ್ಕ ಕೋಣೆ, ಆ ಮನುಷ್ಯ ಕಾಣದ ಹಾಗೆ ಪರದೆ, ಜಡ್ಜಮ್ಮ ಕೂಡ ಮೆತ್ತಗೆ ಮಾತಾಡುವವರು. ನಮ್ಮ ಕಡೆಯ ಸರ್ಕಾರಿ ವಕೀಲೆ “ಏನಾಯ್ತು ಅಂತ ನೀನೇ ಹೇಳಪ್ಪ” ಎಂದರು. ಅಕ್ಕಾ, ಅವನು ಕೈಕಟ್ಟಿ ನೆಟ್ಟಗೆ ನಿಂತು ಹಾಲ್‌ನ ಸಾಕ್ಷಿಯನ್ನೇ ಹೇಳಿದ. ನಡೆದದ್ದಕ್ಕೆಲ್ಲ ದೇವರಿಗೆ ಸ್ತೋತ್ರ, ಕೆಟ್ಟದ್ದು ಮಾಡಿದವರನ್ನು ಮನಸಾರೆ ಕ್ಷಮಿಸಿದ್ದೇನೆ, ನನಗೆ ಯಾರ ಮೇಲೂ ಯಾವ ದೂರೂ ಇಲ್ಲ. ಆ ಕಡೆಯ ವಕೀಲ ಕುರ್ಚಿಯಿಂದ ಚಿಮ್ಮಿದ. “ದೂರಿಲ್ಲ ಅಂತ ಹುಡುಗನೇ ಹೇಳ್ತಿದಾನೆ, ದಯವಿಟ್ಟು ಬರ್ಕೊಳ್ಳಿ.” ಬರೆದುಕೊಂಡರು. ಗುಂಡಿ ಸುತ್ತ ನೋಡಿದ, ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಜಡ್ಜಮ್ಮನಿಗೆ ಏನೋ ಅನುಮಾನ ಬಂದಿರಬೇಕು, ಇಪ್ಪತ್ತೈದಕ್ಕೆ ಮುಂದೂಡಿದರು. ಇನ್ನೊಂದು ಸಲ ಇದನ್ನೇ ಹೇಳಿದರೆ ಕೇಸು ಮುಗಿಯಿತೆಂದೇ ತಿಳಿಯಿರಿ ಎಂದರು ನಮ್ಮ ವಕೀಲೆ. ಹೊರಗೆ ಬಂದು, ನಡೆದದ್ದನ್ನು ಯಾಕೋ ಹೇಳಲಿಲ್ಲ ಎಂದು ಕೇಳಿದೆ. “ಸಾಕ್ಷಿ ಹೇಳು ಅಂದ್ರಲ್ಲ, ಹೇಳ್ದೆ. ಅದು ಒಂದೇ ಇರೋದಲ್ವಾ?” ಎಂದ. ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಹಾಲ್‌ನದು, ಕೋರ್ಟಿನದು, ಎರಡಕ್ಕೂ ನಾವು ಹೇಳುವುದು ಅದೇ ಮಾತು.

ಸಭಾಪಾಲಕರ ಹತ್ತಿರ ಹೋಗಿ ಕೂಗಾಡಿದೆ. ದೇವರ ಚಿತ್ತ, ಪ್ರಾರ್ಥಿಸೋಣ ಎಂದರು. ಮೊದಲು ವಕೀಲೆಯ ಹತ್ತಿರ ಬನ್ನಿ, ಆ ಮಾತು ನಾವು ಕಲಿಸಿದ್ದೆಂದು ಬರೆದುಕೊಡೋಣ, ಆಮೇಲೆ ಎಷ್ಟು ಬೇಕಾದರೂ ಪ್ರಾರ್ಥಿಸೋಣ ಎಂದೆ. ಸಭೆಯ ಹೆಸರು ಕೆಡುತ್ತದೆಂದು ಒಪ್ಪಲಿಲ್ಲ. ಸಿಟ್ಟಿನಲ್ಲಿ ಬಾಗಿಲು ದಡಾರನೆ ಹಾಕಿ ಬಂದೆ. ಆದರೆ ನಿನ್ನ ಮುಂದೆ ಸುಳ್ಳು ಹೇಳಲಾರೆ. ಆ ಹಾಳೆಯನ್ನು ತಯಾರಿಸಿದವಳು ನಾನೇ. ಕ್ಷಮೆಯ ಮಾತು ಅವರದು, ದೂರಿಲ್ಲ ಎಂಬ ಸಾಲು ನನ್ನದು. ಮೂವತ್ತು ವರ್ಷ ವಕೀಲರ ಆಫೀಸಿನಲ್ಲಿ ಟೈಪು ಮಾಡಿದವಳಲ್ಲವೇ ನಾನು, ರಾಜಿ ಅರ್ಜಿಗಳ ಕೊನೆಗೆ ಆ ಸಾಲನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ. ಕ್ಷಮೆ ಎಂಬ ಮಾತು ಬಂದದ್ದೇ ತಡ, ಬೆರಳುಗಳು ತಾವಾಗಿಯೇ ಅದನ್ನು ಹೊಡೆದವು. ಹುಡುಗನಿಗೆ ಓದಲು ಸುಲಭವಾಗಲೆಂದು ಸಾಲುಗಳ ನಡುವೆ ಜಾಗ ಬೇರೆ ಬಿಟ್ಟಿದ್ದೆ. ನಾಚಿಕೆಯಾಗುತ್ತದೆ ಅಕ್ಕಾ. ನಾಳೆ ನಾನೊಬ್ಬಳೇ ಹೋಗಿ ವಕೀಲೆಗೆ ಬರೆದುಕೊಡುತ್ತೇನೆ. ಸಭೆಯವರು ನನ್ನನ್ನು ತೆಗೆದುಹಾಕಿದರೆ ಹಾಕಲಿ, ಪಾತ್ರೆ ತೊಳೆಯಲು ಯಾರು ಬರುತ್ತಾರೋ ನೋಡುತ್ತೇನೆ.

ಬಾಣಂತಿಗೆ ನನ್ನ ಆಶೀರ್ವಾದ, ಅಳಿಯನಿಗೆ ನೆನಪು, ಕೂಸಿಗೆ ಮುತ್ತು. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ.

ನಿನ್ನ ತಂಗಿ,
ಸಿಡುಕಿ

ತಾ.ಕ. ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು, ಇದಕ್ಕೆಂದೇ ಕೂತವಳು ಊರೆಲ್ಲ ಸುತ್ತಿ ಬಂದೆ. ಆ ಹಾಳೆಯ ಮಾತು ಇನ್ನು ಬೇಡ, ನೀನು ಯಾರನ್ನೂ ಕ್ಷಮಿಸಬೇಕಾಗಿಲ್ಲ ಎಂದು ನಿನ್ನೆ ಗುಂಡಿಗೆ ಹೇಳಿದೆ. ಅವನು ತೊಡೆಯ ಮೇಲಿದ್ದ ಅಂಗಿಗೆ ಇನ್ನೊಂದು ಸುತ್ತು ದಾರ ಹಾಕಿ, “ಕ್ಷಮಿಸ್ದೆ ಇದ್ರೂ ನಾನು ಇಲ್ಲೇ ಇರ್ಬೋದಾ, ಚಿಕ್ಕಮ್ಮ?” ಎಂದು ಕೇಳಿದ. ಇರಬಹುದು ಎಂದೆ. ನಂಬಲಿಲ್ಲ. “ದೊಡ್ಡಮ್ಮ ಹೇಳ್ಬೇಕು, ಮನೆ ಅವ್ರದಲ್ವಾ” ಎಂದ. ಫೋನು ಮಾಡಿಸಲೇ ಎಂದರೆ ಬೇಡವಂತೆ, ಗುತ್ತಿಗೆದಾರನೂ ಅವನ ಅಮ್ಮನಿಗೆ ಫೋನಿನಲ್ಲೇ ಮಾತು ಕೊಟ್ಟಿದ್ದನಂತೆ. “ನೀನು ಇಲ್ಲೇ ಇರಬಹುದು” ಎಂದು ಅವನಿಗೆ ನಿನ್ನ ಕೈಯಾರೆ ಒಂದು ಸಾಲು ಬರೆದು ಸಹಿ ಹಾಕಿ ಕಳಿಸು, ಇಪ್ಪತ್ತೈದರೊಳಗೆ ತಲುಪಬೇಕು. ಇಷ್ಟು ದಿನ ಆ ಹುಡುಗ ಗುತ್ತಿಗೆದಾರನನ್ನು ಕ್ಷಮಿಸುತ್ತಿದ್ದದ್ದು ಇಲ್ಲಿನ ಹಾಸಿಗೆ ತಪ್ಪೀತೆಂಬ ಭಯಕ್ಕೆ ಅಕ್ಕಾ. ಇವತ್ತೇ ಅಂಚೆಗೆ ಹಾಕು.