ಕಿಟಕಿ ಪಕ್ಕದ ಜಾಯಿಂಟು

ತಮ್ಮಾ,

ತಿಂಡಿ ಮುಚ್ಚಿಟ್ಟಿದ್ದೀನಿ. ನಿನ್ನೆ ಊಟ ಬಿಟ್ಟ ಹಾಗೆ ಇದನ್ನೂ ಬಿಡಬೇಡ. ದೀಪ, ಉಜ್ಜೋ ಕಾಗದ ಹುಡುಕಬೇಡ, ನಾವು ಗೋಡೆ ಕೆಲಸ ಮಾಡ್ತಿರೋ ಮನೆಗೆ ನಾನು ತಗೊಂಡು ಹೋಗ್ತಿದ್ದೀನಿ.

ನಿನ್ನೆ ಆ ಮನೆ ಓನರಮ್ಮನ ಮುಂದೆ, "ಗೋಡೆ ಬೋರ್ಡಿನ ಜಾಯಿಂಟು ಎದ್ದು ಕಾಣ್ತಿದೆ, ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ?" ಅಂತ ನಿನ್ನ ಮೇಲೆ ಹಾರಾಡಿದೆನಲ್ಲ. ನೀನು ಹೊರಟ ಮೇಲೆ ಗೋಡೆಗೆ ಅಂಟಿಸಿದ ಹಾಗೆ ದೀಪ ಹಿಡಿದು ಒಂದೊಂದೇ ನೋಡಿದೆ. ನೀನು ಮಾಡಿದ ಜಾಯಿಂಟು ಕೈಯಾಡಿಸಿದರೂ ಸಿಗಲಿಲ್ಲ. ಎದ್ದು ಕಾಣ್ತಿದ್ದದ್ದು ಕಿಟಕಿ ಪಕ್ಕದ್ದು ಒಂದೇ. ಅದನ್ನು ಮಾಡಿದ ದಿನ ನೀನು ಜ್ವರ ಬಂದು ಮನೇಲಿ ಮಲಗಿದ್ದೆ. ಎರಡು ಬೋರ್ಡಿನ ಸಂದಿಗೆ ಪಟ್ಟಿ ಅಂಟಿಸಿದ್ದು ನಾನು, ಅದರ ಮೇಲೆ ಬಳಿದ ಪುಟ್ಟಿ ಒಣಗೋ ಮುಂಚೆ ಬಣ್ಣ ಹೊಡೆದಿದ್ದೂ ನಾನೇ.

ನಿನಗೆ ಗೊತ್ತಿತ್ತು, ಅಲ್ವಾ? ಅಕ್ಕನ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಚಿಕೊಂಡು ನಿಂತೆ. ತಿರುಗಿ ಒಂದು ಮಾತು ಅಂದುಬಿಟ್ಟಿದ್ದರೂ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ ಕಣೋ.

ಅದನ್ನು ಕೆರೆದು ಸರಿಮಾಡೋದು ನನ್ನ ಕೆಲಸ, ನೀನು ಕೈ ಹಚ್ಚಬೇಡ. ಆದರೆ ಹತ್ತು ಗಂಟೆಗೆ ಅಲ್ಲಿಗೆ ಬಂದು ನನ್ನ ಪಕ್ಕದಲ್ಲಿ ನಿಲ್ಲು. ಓನರಮ್ಮ ಆಗ ಇರ್ತಾರೆ. ಬೈದಿದ್ದು ಅವರ ಮುಂದೆ. ತಪ್ಪು ನಂದು ಅಂತ ಹೇಳೋದೂ ಅವರ ಮುಂದೆಯೇ ಆಗಬೇಕು.

ಅಕ್ಕ