ಹೊಲಿಗೆ ಯಂತ್ರದ ಪಕ್ಕದ ಫೋನು ಮತ್ತು ನಿಮ್ಮ ಸೀಸದ ಸೀಲು

ಮಾನ್ಯ ತುರ್ತು ವಾಹನ ಪರವಾನಗಿ ಅಧಿಕಾರಿಗಳೇ,

ನಮ್ಮ ಊರಿನ ಆಂಬ್ಯುಲೆನ್ಸಿಗೆ ನೀವು ಸೀಲು ಹಾಕಿ ಇವತ್ತಿಗೆ ಅರವತ್ತೆರಡು ದಿನವಾಯಿತು. ಗಾಡಿಯಲ್ಲಿ ಯಾವ ಕೊರತೆಯೂ ಇಲ್ಲ. ಬ್ರೇಕು ಹಿಡಿಯುತ್ತದೆ, ಆಮ್ಲಜನಕದ ಸಿಲಿಂಡರು ತುಂಬಿದೆ, ಚಾಲಕನಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಇದನ್ನೆಲ್ಲ ನಿಮ್ಮ ಇನ್‌ಸ್ಪೆಕ್ಟರರೇ ಪರೀಕ್ಷಿಸಿ 'ತೃಪ್ತಿಕರ' ಎಂದು ಬರೆದುಕೊಂಡು ಹೋಗಿದ್ದಾರೆ. ದೋಷ ಕಂಡದ್ದು ಫೋನಿನಲ್ಲಿ. ಫೋನೂ ಕೆಟ್ಟಿಲ್ಲ, ಅದು ಕೂತಿರುವ ಜಾಗ ನಿಮಗೆ ಹಿಡಿಸಲಿಲ್ಲ. ಒಂಬತ್ತು ವರ್ಷದಿಂದ ಅದು ನನ್ನ ಹೊಲಿಗೆ ಅಂಗಡಿಯಲ್ಲಿ, ಯಂತ್ರದ ಎಡಕ್ಕೆ, ಗುಂಡಿಗಳ ಡಬ್ಬಕ್ಕೆ ಒರಗಿಕೊಂಡು ಕೂತಿದೆ. ನಿಮ್ಮ ನಿಯಮಾವಳಿಯ ಪ್ರಕಾರ ಅದು 'ನೂರಿಪ್ಪತ್ತು ಚದರಡಿಗೆ ಕಡಿಮೆಯಿಲ್ಲದ, ಪ್ರತ್ಯೇಕ ಬಾಗಿಲುಳ್ಳ ನಿಯಂತ್ರಣ ಕೊಠಡಿ'ಯಲ್ಲಿ ಇರಬೇಕಂತೆ. ಅಲ್ಲಿಲ್ಲದ ಕಾರಣ ಗಾಡಿ ನಿಲ್ಲುವ ಷೆಡ್ಡಿನ ಬಾಗಿಲಿಗೆ ತಂತಿ ಬಿಗಿದು, ತಂತಿಗೆ ಸೀಸದ ಸೀಲು ಒತ್ತಿ, ಸಾರ್ವಜನಿಕರ ಪ್ರಾಣವನ್ನು ನನ್ನ ಗುಂಡಿ ಡಬ್ಬದಿಂದ ಕಾಪಾಡಿದ್ದೀರಿ. ತಮ್ಮ ಈ ಕಾಳಜಿಗೆ ಊರು ಹೇಗೆ ಧನ್ಯವಾದ ಹೇಳಬೇಕೆಂದು ತಿಳಿಯದೆ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾವು ಯಾರೆಂದು ನಿಮ್ಮ ಕಡತದಲ್ಲಿ ಇರಬಹುದು, ಆದರೂ ಹೇಳುತ್ತೇನೆ. ಆಸ್ಪತ್ರೆ ನಮ್ಮಿಂದ ಐವತ್ತು ನಿಮಿಷ ದೂರ. ಹಾಗಾಗಿ ಊರವರೇ ಸೇರಿ ಈ ಗಾಡಿ ತಂದೆವು. ಇದರಿಂದ ಯಾರಿಗೂ ಲಾಭವಿಲ್ಲ, ಯಾರಿಗೂ ಸಂಬಳವಿಲ್ಲ. ಗಾಡಿ ಓಡಿಸುವವನು ಎದುರಿನ ಹಿಟ್ಟಿನ ಗಿರಣಿಯವನು; ಕರೆ ಬಂದರೆ ಗಿರಣಿ ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಲೇ ಓಡಿ ಬರುತ್ತಾನೆ. ರೋಗಿಯ ಪಕ್ಕ ಕೂರುವವರು ನಿವೃತ್ತ ನರ್ಸಮ್ಮ. ಅವರಿಗೆ ಮೊಣಕಾಲು ನೋವು, ಆದರೆ ಸ್ಟ್ರೆಚರಿನ ಹಿಂದೆ ಓಡುವಾಗ ಮಾತ್ರ ಅದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಫೋನು ಎತ್ತುವುದು ನಾನು, ದರ್ಜಿ. ಇದಕ್ಕೆ ನಿಮಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಇಡೀ ದಿನ ಒಂದೇ ಕಡೆ ಕೂತು, ಕೈಗೆ ಕೆಲಸವಿದ್ದೂ ಕಿವಿ ಖಾಲಿ ಇಟ್ಟುಕೊಂಡಿರುವವಳು ಈ ಊರಿನಲ್ಲಿ ಇನ್ಯಾರಿದ್ದಾಳೆ, ನೀವೇ ಹೇಳಿ?

ಒಂದು ಸಂಗತಿ ಕೇಳಿ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಫೋನು ಬಂತು. ಆ ಕಡೆಯಿಂದ ಒಂದೇ ಮಾತು, "ಬಿದ್ಲು." ಅಷ್ಟೇ, ಕಟ್ಟಾಯಿತು. ವಿಳಾಸವಿಲ್ಲ, ಹೆಸರಿಲ್ಲ. ನೂರಿಪ್ಪತ್ತು ಚದರಡಿಯ ಕೊಠಡಿಯಲ್ಲಿ ಕೂತವರಾಗಿದ್ದರೆ ವಹಿಯಲ್ಲಿ 'ಅಪೂರ್ಣ ಕರೆ' ಎಂದು ಬರೆದು ಚಹಾ ಕುಡಿಯುತ್ತಿದ್ದರು. ನನಗೆ ಆ ದನಿ ಗೊತ್ತಿತ್ತು. ಮೇಲಿನ ಬೀದಿಯ ಗಡಿಯಾರ ರಿಪೇರಿಯವರು. ಪ್ಯಾಂಟು ಅಳತೆ ಕೊಡುವಾಗಲೂ ಅವರು ಒಂದು ಪದದ ಮೇಲೆ ಎರಡನೆಯದು ಆಡುವವರಲ್ಲ. ಗಿರಣಿಯವನಿಗೆ ಕೂಗಿ ಹೇಳಿದೆ, "ಗಡಿಯಾರದವರ ಮನೆ, ಅವರ ಹೆಂಡತಿ, ಹಿಂಬಾಗಿಲಿಂದ ಹೋಗು, ಮುಂದೆ ಮೆಟ್ಟಿಲು ಕಡಿದು!" ಸೊಂಟದ ಮೂಳೆ ಮುರಿದಿತ್ತು. ಈಗ ಆಕೆ ಕೋಲಿಲ್ಲದೆ ನಡೆಯುತ್ತಾರೆ. ಈ ಊರಿನ ಒಬ್ಬೊಬ್ಬರ ಎದೆಯಳತೆಯೂ, ದನಿಯೂ, ಹಿಂಬಾಗಿಲೂ ನನಗೆ ಗೊತ್ತು. ಇದನ್ನು ಬರೆದುಕೊಳ್ಳಲು ನಿಮ್ಮ ನಮೂನೆಯಲ್ಲಿ ಕಾಲಂ ಇಲ್ಲ ಎಂಬುದು ನನ್ನ ತಪ್ಪೇ?

ಇರಲಿ, ನಿಯಮ ನಿಯಮವೇ. ಸೀಲು ಬಿದ್ದ ಹನ್ನೊಂದನೆಯ ದಿನಕ್ಕೆ ನಾವು ಕೊಠಡಿಯನ್ನೂ ಮಾಡಿಬಿಟ್ಟೆವು. ವಾಚನಾಲಯದ ಹಿಂದಿನ ಉಗ್ರಾಣ ಖಾಲಿ ಮಾಡಿ, ಹತ್ತಡಿಗೆ ಹನ್ನೆರಡಡಿ, ಗಾರೆ ಮೆತ್ತಿ, ಸುಣ್ಣ ಬಳಿದು, ಪ್ರತ್ಯೇಕ ಬಾಗಿಲಿಟ್ಟು, ಬಾಗಿಲ ಮೇಲೆ 'ನಿಯಂತ್ರಣ ಕೊಠಡಿ' ಎಂದು ಬರೆಸಿದೆವು. ನಿಯಂತ್ರಿಸಲು ಒಳಗೆ ಒಂದು ಕುರ್ಚಿ ಮಾತ್ರ ಇತ್ತು. ಪರಿಶೀಲನೆಗೆ ಬನ್ನಿ ಎಂದು ಅದೇ ದಿನ ಪತ್ರ ಹಾಕಿದೆವು. ಉತ್ತರವಿಲ್ಲ. ಮತ್ತೆ ಹಾಕಿದೆವು. ಫೋನು ಮಾಡಿದರೆ ನಿಮ್ಮ ಗುಮಾಸ್ತರು, "ಕಡತ ಮೂವ್‌ಮೆಂಟಲ್ಲಿದೆ" ಅಂದರು. ಎಷ್ಟು ವೇಗದಲ್ಲಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆಗ ನಾನಿನ್ನೂ ಮರ್ಯಾದಸ್ಥೆಯಾಗಿದ್ದೆ.

ಸೀಲು ಬಿದ್ದ ಮೂವತ್ತೇಳನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಅತ್ತಿಗೆ, ಅಣ್ಣನ ಹೆಂಡತಿ, ಅಂಗಡಿಗೆ ಬಂದರು. ಬಸ್ ನಿಲ್ದಾಣದಲ್ಲಿ ಟಿಕೆಟು ಕೊಡುವ ಕೆಲಸ ಅವರದು. ಕಿಂಡಿಯೊಳಗಿಂದಲೇ ಇಡೀ ನಿಲ್ದಾಣವನ್ನು ಮಾತಾಡಿಸುವ ಹೆಂಗಸು. ಅವರ ಬಾಯಿ ಮುಚ್ಚಿದ್ದನ್ನು ನಿದ್ದೆಯಲ್ಲೂ ಕಂಡಿಲ್ಲ ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ನಾನು ಹೊಲಿದುಕೊಟ್ಟ ರವಿಕೆಯನ್ನೇ ತೊಟ್ಟುಕೊಂಡು ಜಗಳಕ್ಕೆ ಬಂದಿದ್ದರು.

"ನೋಡೇ ಈ ತೋಳು ಹೊಲಿದಿರೋ ಚೆಂದ! ಕೈ ಎತ್ತೋಕೇ ಆಗ್ತಿಲ್ಲ."

"ತೋಳಿಗೇನೂ ಆಗಿಲ್ಲ ಅತ್ತಿಗೆ, ನೀವೇ ದಪ್ಪ ಆಗಿದೀರ," ಎಂದು ನಾನು ತಲೆ ಎತ್ತದೆ ನಕ್ಕೆ.

ಅವರಿಂದ ತಿರುಗೇಟು ಬರಲಿಲ್ಲ. ಹಾಗಾಗಿಯೇ ತಲೆ ಎತ್ತಿದೆ. ಬಲಗೈ ಜೋತುಬಿದ್ದಿತ್ತು. ತುಟಿಯ ಒಂದು ತುದಿ ಕೆಳಗೆ ಜಾರಿತ್ತು. ಏನೋ ಹೇಳುತ್ತಿದ್ದರು, ಆದರೆ ಅದು ಮಾತಾಗಿರಲಿಲ್ಲ. ಕೈ ಎತ್ತಲು ಬಿಡದಿದ್ದದ್ದು ನಾನು ಹೊಲಿದ ತೋಳಲ್ಲ, ಮಾನ್ಯರೇ.

ಊರಿನ ಆಂಬ್ಯುಲೆನ್ಸ್ ಫೋನು ನನ್ನ ಎಡಗೈಗೆ ಒಂದು ಗೇಣು ದೂರದಲ್ಲಿತ್ತು. ಗಾಡಿ ನೂರು ಹೆಜ್ಜೆ ದೂರದಲ್ಲಿತ್ತು. ಚಾಲಕ ಎದುರಿನ ಗಿರಣಿಯಲ್ಲಿದ್ದ. ನರ್ಸಮ್ಮ ಎರಡು ನಿಮಿಷದಲ್ಲಿ ಬಂದು, ಅತ್ತಿಗೆಯ ಮುಖ ನೋಡಿ, "ಲಕ್ವ ಹೊಡೆದಿದೆ, ಒಂದು ಕ್ಷಣ ತಡ ಮಾಡಬೇಡಿ," ಅಂದರು. ಎಲ್ಲವೂ ಇತ್ತು. ನಿಮ್ಮ ಅಪ್ಪಣೆಯೊಂದು ಇರಲಿಲ್ಲ.

ಗಿರಣಿಯವನು ಇಕ್ಕಳ ಹಿಡಿದು ಷೆಡ್ಡಿನ ಕಡೆ ಹೊರಟೇಬಿಟ್ಟಿದ್ದ. "ತಂತಿ ತಾನೆ, ಅರ್ಧ ನಿಮಿಷದ ಕೆಲಸ," ಅಂದ. ಅವನನ್ನು ತಡೆದವಳು ನಾನು. ನಿಮ್ಮ ನೋಟೀಸನ್ನು ನಾನು ಬಾಯಿಪಾಠ ಮಾಡಿದ್ದೆನಲ್ಲ! 'ಸೀಲು ಭಂಗಪಡಿಸಿದಲ್ಲಿ ಪರವಾನಗಿ ಶಾಶ್ವತವಾಗಿ ರದ್ದಾಗುವುದು.' ಶಾಶ್ವತ ಎಂದರೆ ನಾಳೆ ಇನ್ನೊಬ್ಬರಿಗೂ ಇಲ್ಲ, ನಾಡಿದ್ದು ಮತ್ತೊಬ್ಬರಿಗೂ ಇಲ್ಲ. "ಬೇಡ ಕಣೋ, ನೋಟೀಸಲ್ಲಿ ಅವರು ಕೊಟ್ಟಿರೋ ನಂಬರಿಗೇ ಫೋನ್ ಮಾಡ್ತೀನಿ," ಅಂದೆ. ಈ ಒಂದು ಮಾತಿಗಾಗಿ ನಾನು ಅಣ್ಣನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೇನೆ. ನಿಯಮ ಪಾಲಿಸಿದ್ದಕ್ಕೆ ನಾಚಿಕೆಪಡುವಂತೆ ಒಬ್ಬ ಪ್ರಜೆಯನ್ನು ಮಾಡಬಲ್ಲ ಕಚೇರಿಗಳು ಕಡಿಮೆ. ತಮ್ಮದು ಅದನ್ನು ಸಾಧಿಸಿದೆ.

ನೀವು ಸೂಚಿಸಿದ, ಎಲ್ಲ ಊರುಗಳ ಕರೆ ಎತ್ತುವ ಕೇಂದ್ರ ಕೊಠಡಿಗೆ ಫೋನು ಮಾಡಿದೆ. ಅದು ಖಂಡಿತ ನೂರಿಪ್ಪತ್ತು ಚದರಡಿಗಿಂತ ದೊಡ್ಡದಿರಬೇಕು, ಮಾತು ಪ್ರತಿಧ್ವನಿಸುತ್ತಿತ್ತು.

"ಲೊಕೇಶನ್ ಹೇಳಿ ಮೇಡಂ."

"ಹೊಲಿಗೆ ಅಂಗಡಿ, ಗಿರಣಿ ಎದುರು."

"ಯಾವ ಗಿರಣಿ?"

"ಇರೋದೇ ಒಂದು ಗಿರಣಿ."

"ಡೋರ್ ನಂಬರ್ ಹೇಳಿ ಮೇಡಂ."

"ಅಂಗಡಿಗೆ ನಂಬರಿಲ್ಲಪ್ಪ, ಬೀದಿಗೆ ಬಂದ್ರೆ ನಾನೇ ನಿಂತಿರ್ತೀನಿ."

"ನಂಬರ್ ಇಲ್ಲದೆ ಸಿಸ್ಟಮ್ ತಗೊಳಲ್ಲ ಮೇಡಂ."

ನಾನು ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದೆ. ಸಿಸ್ಟಮ್ ಖುಷಿಯಿಂದ ತೆಗೆದುಕೊಂಡಿತು. "ಗಾಡಿ ಹೊರಟಿದೆ, ಹತ್ತು ನಿಮಿಷ," ಅಂದರು. ಹತ್ತು ನಿಮಿಷದ ಮೇಲೆ ಮತ್ತೆ ಮಾಡಿದೆ, ಹತ್ತು ನಿಮಿಷ. ಅರ್ಧ ಗಂಟೆಯ ಮೇಲೆ ಮಾಡಿದೆ. ಆಗಲೂ ಹತ್ತೇ ನಿಮಿಷ. ಅತ್ತಿಗೆ ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿದ್ದರು, ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡು. ಕಣ್ಣು ಮಾತ್ರ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿತ್ತು. ಸುದ್ದಿ ಕೇಳಿ ಓಡಿ ಬಂದಿದ್ದ ಅಣ್ಣ ಬಾಗಿಲಿಗೂ ಬೀದಿಗೂ ಎಷ್ಟು ಸಲ ಓಡಾಡಿದನೋ. ಐವತ್ತೈದು ನಿಮಿಷವಾದಾಗ ನರ್ಸಮ್ಮ, "ಸಾಕು. ಇನ್ನು ಯಾರನ್ನೂ ಕಾಯೋದು ಬೇಡ. ನಾನು ಹೇಳ್ತಿದೀನಿ, ಏನಾದ್ರೂ ತನ್ನಿ," ಎಂದು ಗದರಿದರು. ಬೇಕರಿಯವರು ತಮ್ಮ ಬ್ರೆಡ್ ವ್ಯಾನು ತಂದರು. ಹಲಗೆಗಳನ್ನು ಕಿತ್ತು ಬೀದಿಗೆಸೆದು ಅತ್ತಿಗೆಯನ್ನು ಮಲಗಿಸಿದೆವು. ಷೆಡ್ಡಿನ ಮುಂದೆಯೇ ಹಾದು ಹೋದೆವು. ಆ ಹಳೆಯ ವ್ಯಾನು ಏರಿನಲ್ಲಿ ಏದುಸಿರು ಬಿಡುತ್ತ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡಿತು. ಕೇಂದ್ರದ ಗಾಡಿ ಅಷ್ಟರಲ್ಲಿ ಬಂತೇ ಎಂದು ಕೇಳುತ್ತೀರಾ? ಬಂತು. ನಾನು ಹೇಳಿದ ಸುಳ್ಳು ನಂಬರಿನ ಮನೆ ಹುಡುಕಿತಂತೆ, ಸಿಗಲಿಲ್ಲವಂತೆ, 'ಸುಳ್ಳು ಕರೆ' ಎಂದು ಬರೆದುಕೊಂಡು ಹೋಯಿತಂತೆ. ಗಿರಣಿಯ ಎದುರಿಗೇ ನಿಂತು ವಿಳಾಸ ಕೇಳಿದರು ಎಂದು ಗಿರಣಿಗೆ ಬಂದಿದ್ದವರು ಹೇಳಿದರು.

ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸುಳ್ಳು ಹೇಳುವುದನ್ನು ಇನ್ನೂ ಕಲಿತಿರಲಿಲ್ಲ. ಅಣ್ಣನ ಭುಜದ ಮೇಲೆ ಕೈಯಿಟ್ಟು, "ಜೀವಕ್ಕೆ ಭಯ ಇಲ್ಲ. ಒಂದು ಗಂಟೆ ಮುಂಚೆ ಬಂದಿದ್ರೆ ಮಾತು ಉಳಿಸಬಹುದಿತ್ತೇನೋ," ಅಂದರು. ಅಣ್ಣ, "ಒಂದು ಗಂಟೆ?" ಎಂದು ಕೇಳಿದ. ಮತ್ತೆ ಕೇಳಿದ. ಆಮೇಲೆ ನನ್ನ ಕಡೆ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನು ತಮ್ಮ ಕಚೇರಿಯ ಚುರುಕುತನದ ವಿಷಯ. ಇಪ್ಪತ್ತಾರು ದಿನ ನಮ್ಮ ಪತ್ರಕ್ಕೆ ಒಂದು ಸಾಲು ಬರೆಯಲು ಆಗದ ನೀವು, ಅತ್ತಿಗೆಯನ್ನು ಒಯ್ದ ಎಂಟೇ ದಿನದಲ್ಲಿ ಬೇಕರಿಯವರಿಗೆ ನೋಟೀಸು ಕಳಿಸಿದಿರಿ: 'ಆಹಾರ ಸಾಗಣೆಯ ವಾಹನದಲ್ಲಿ ರೋಗಿಯನ್ನು ಅನಧಿಕೃತವಾಗಿ ಸಾಗಿಸಿದ ಬಗ್ಗೆ ವಿವರಣೆ ಕೊಡಿ.' ಬೇಕರಿಯವರು ಪಾಪ ಸಾಧು ಮನುಷ್ಯ. ನನ್ನ ಹತ್ತಿರ ಬಂದು, "ಏನಂತ ವಿವರಣೆ ಬರೀಲಿ?" ಎಂದು ಕೇಳಿದರು. 'ಬ್ರೆಡ್ಡಿಗೆ ಅವಸರ ಇರಲಿಲ್ಲ' ಎಂದು ಬರೆಯಿರಿ ಅಂದೆ. ಹಾಗೇ ಬರೆದು ಕಳಿಸಿದ್ದಾರೆ. ಅದು ನಿಮ್ಮ ಕೈ ಸೇರಿರಬಹುದು.

ಅದಾಗಿ ಮೂರು ದಿನಕ್ಕೆ ನಿಮ್ಮ ಇನ್‌ಸ್ಪೆಕ್ಟರರು ಕೊನೆಗೂ ನಮ್ಮ ಕೊಠಡಿ ಅಳೆಯಲು ಬಂದರು. ಗೋಡೆಯಿಂದ ಗೋಡೆಗೆ ಟೇಪು ಹಿಡಿದು, "ಹನ್ನೊಂದಡಿ ಹತ್ತಿಂಚು. ಎರಡಿಂಚು ಕಮ್ಮಿ," ಅಂದರು. ಗಾರೆ ದಪ್ಪವಾಯಿತಂತೆ. ನಾನು ನನ್ನ ಟೇಪು ತಂದು ಹಿಡಿದೆ. ಮೂವತ್ತು ವರ್ಷದಿಂದ ಅಳತೆಯ ಅನ್ನ ಉಣ್ಣುತ್ತಿರುವವಳು, ಅವರ ಟೇಪಿನ ತುದಿ ಗೋಡೆ ಮುಟ್ಟದೆ ಎರಡಿಂಚು ಈಚೆಗೇ ನಿಂತದ್ದು ನನಗೆ ಕಾಣದೆ ಇರುತ್ತದೆಯೇ? ಹನ್ನೆರಡಕ್ಕೆ ಒಂದು ನೂಲಿನಷ್ಟೂ ಕಡಿಮೆ ಇರಲಿಲ್ಲ. ಅವರು ಬಹಳ ಸೌಜನ್ಯದಿಂದ ಹೇಳಿದರು, "ನಿಮ್ಮ ಟೇಪು ಬಟ್ಟೆಗೆ ಮೇಡಂ. ನಮ್ಮದು ಕಚೇರಿಗೆ." ಜೀಪು ಹತ್ತುವಾಗ ಮಾತ್ರ ದನಿ ತಗ್ಗಿಸಿ, "ನಾನೇನು ಮಾಡ್ಲಿ, ಮೇಲಿನವರು ಹೇಳಿದ್ರೆ ಮುಗೀತು," ಅಂದರು. ಆ ಮೇಲಿನವರು ನೀವೇ ಅಲ್ಲವೇ? ಅಥವಾ ನಿಮಗೂ ಮೇಲಿನವರೊಬ್ಬರಿದ್ದು, ಅವರಿಗೂ ಒಬ್ಬರಿದ್ದು, ಕೊನೆಗೆ ಇಡೀ ಏಣಿಯಲ್ಲಿ ಸೀಲು ತೆಗೆಯುವ ಕೈಯೇ ಇಲ್ಲವೇ?

ಅತ್ತಿಗೆ ಈಗ ಮನೆಯಲ್ಲಿದ್ದಾರೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಬಲಗೈ ಇನ್ನೂ ಮಡಿಲಿನಲ್ಲೇ ಇರುತ್ತದೆ. ಐದೋ ಆರೋ ಮಾತು ಬರುತ್ತದೆ: ನೀರು, ಬೇಡ, ಸಾಕು, ಹೀಗೆ. ಬಸ್ ನಿಲ್ದಾಣದ ಕಿಂಡಿಯಲ್ಲಿ ಬೇರೊಬ್ಬರು ಕೂತು ಸದ್ದಿಲ್ಲದೆ ಟಿಕೆಟು ಹರಿದುಕೊಡುತ್ತಾರೆ. ಹೋದ ವಾರ ನಾನು ತಡೆಯಲಾಗದೆ, "ಅತ್ತಿಗೆ, ಆವತ್ತು ನಾನು ಗಿರಣಿಯವನನ್ನ ತಡೀಬಾರದಿತ್ತು," ಅಂದುಬಿಟ್ಟೆ. ಅವರು ಬಹಳ ಹೊತ್ತು ಮಾತಿಗಾಗಿ ಹುಡುಕಾಡಿದರು. ಸಿಗಲಿಲ್ಲ. ಕೊನೆಗೆ ಎಡಗೈಯಿಂದ ನನ್ನ ತಲೆಗೊಂದು ಮೊಟಕಿದರು. ಅದೇ ಸಾಕಿತ್ತು ನನಗೆ. ನಿಮಗೆ ಅಷ್ಟು ಸುಲಭದಲ್ಲಿ ಬಿಡುಗಡೆ ಸಿಗುವುದು ನನಗೆ ಇಷ್ಟವಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಏಳು ದಿನದೊಳಗೆ ಸೀಲು ತೆಗೆಯಬೇಕು. ಇನ್‌ಸ್ಪೆಕ್ಟರರನ್ನು ಕಳಿಸಿ ಅಲ್ಲ, ನೀವೇ ಬಂದು, ನಿಮ್ಮ ಕೈಯಾರೆ. ಫೋನು ಇರುವಲ್ಲಿಯೇ ಇರುತ್ತದೆ ಎಂದು ಬರೆದುಕೊಡಬೇಕು. ಬೇಕರಿಯವರ ಕ್ಷಮೆ ಕೇಳಬೇಕು. ಏಳು ದಿನದಲ್ಲಿ ನೀವು ಬರದಿದ್ದರೆ ಎಂಟನೆಯ ದಿನ ಬೆಳಿಗ್ಗೆ ಗಿರಣಿಯವನು ತಂತಿ ಕತ್ತರಿಸುತ್ತಾನೆ, ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಈ ಸಲ ತಡೆಯುವುದಿಲ್ಲ. ಆಮೇಲೆ ಶಾಶ್ವತವಾಗಿ ಏನೇನು ರದ್ದು ಮಾಡುತ್ತೀರೋ ಮಾಡಿ.

ಈ ಪತ್ರದ ಜೊತೆ ಊರವರೆಲ್ಲ ಸಹಿ ಮಾಡಿದ ಮನವಿ ಇದೆ. ಮೊದಲನೆಯ ಸಹಿ ನನ್ನ ಅತ್ತಿಗೆಯದು. ಸಾಲು ಬಿಟ್ಟು ಮೇಲೆ ಹತ್ತಿದೆ, ಕೊನೆಯ ಅಕ್ಷರ ಕಾಗದದಿಂದಾಚೆ ಮೇಜಿನ ಮೇಲೆ ಉಳಿದುಹೋಗಿದೆ. ಎಡಗೈಯಲ್ಲಿ ಹಾಕಲು ಅವರಿಗೆ ಒಂದು ಇಡೀ ಬೆಳಿಗ್ಗೆ ಹಿಡಿಯಿತು. ನಾವು ಯಾರೂ ಸಹಾಯಕ್ಕೆ ಹೋಗಕೂಡದೆಂದು ಕಣ್ಣಲ್ಲೇ ಗದರಿಸಿದರು. ಹಳೆಯ ದಾಖಲೆಯ ಸಹಿಗೆ ಹೊಂದುವುದಿಲ್ಲ ಎಂದು ದಯವಿಟ್ಟು ವಾಪಸು ಕಳಿಸಬೇಡಿ.

ಇಂತಿ,
ನಿಮ್ಮ ನಿಯಮವನ್ನು ಒಮ್ಮೆ ಪಾಲಿಸಿ ಕೆಟ್ಟ,
ಹೊಲಿಗೆ ಅಂಗಡಿಯವಳು