ಏಳನೆಯ ಸೈಕಲ್ಲಿನ ಗಿಡ್ಡ ಕಡ್ಡಿ

ಬೆಟಗೇರಿ, ಗದಗ
ಫೆಬ್ರವರಿ ೩೦, ೨೧೮೬

ಕಮ್ಮಾರ ಮೌನೇಶಪ್ಪಜ್ಜನವರಿಗೆ ನಿಮ್ಮ ಮರಿಮಗಳ ಮರಿಮಗಳು ಸುಗಲಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವಳ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿರಿ. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದು ನಿಮಗೆ ತಲುಪುವುದು ಹಿಂದಂಚೆಯಲ್ಲಿ. ಅರವತ್ತು ದಾಟಿದವರಿಗೆ ಸರಕಾರ ಜೀವಮಾನಕ್ಕೊಂದು ಪತ್ರವನ್ನು ಹಿಂದಿನ ಕಾಲಕ್ಕೆ ಕಳಿಸಲು ಬಿಡುತ್ತದೆ. ಯಾರ ಸಾವಿನ ಸುದ್ದಿಯನ್ನೂ ಬರೆಯಬಾರದು ಎಂಬುದೊಂದೇ ನಿಬಂಧನೆ. ಪತ್ರ ತಲುಪಿತೋ ಇಲ್ಲವೋ ಇದುವರೆಗೆ ಒಬ್ಬರಿಗೂ ಗೊತ್ತಾಗಿಲ್ಲ. ನನಗೀಗ ಅರವತ್ಮೂರು. ನಿಮಗೆ ಐವತ್ತೂ ಆಗಿರಲಿಕ್ಕಿಲ್ಲ. ಅಜ್ಜ ಅಂತ ಕರೆದರೂ ಹಿರಿಯಳು ನಾನೇ, ಹಾಗಾಗಿ ಸ್ವಲ್ಪ ಗದರಿದರೆ ಸಹಿಸಿಕೊಳ್ಳಿರಿ.

ನಮ್ಮ ಊರಿನ ಸಂಗತಿ ಮೊದಲು ಹೇಳುತ್ತೇನೆ. ಗದಗಿನ ದೊಡ್ಡ ರಸ್ತೆಗಳೆಲ್ಲ ಈಗ ಹರಿಬೀದಿಗಳು. ಅಂದರೆ ನಾವು ಸುಮ್ಮನೆ ನಿಂತಿರುತ್ತೇವೆ, ಬೀದಿಯೇ ಸಾಗುತ್ತದೆ. ಸಂತೆಗೆ ಹೋಗುವವರು ಒಂದು ಕಡೆ, ಬರುವವರು ಇನ್ನೊಂದು ಕಡೆ, ನಡುವೆ ಕಟ್ಟೆ. ನಿಂತಲ್ಲೇ ಸೊಪ್ಪು ಸೋಸುತ್ತಾರೆ, ಮದುವೆ ಮಾತುಕತೆ ಮುಗಿಸುತ್ತಾರೆ. ಬೆಟಗೇರಿಯ ಸಂದಿಗಳು ಇಕ್ಕಟ್ಟಾದ್ದರಿಂದ ಅವನ್ನು ಹರಿಸಲು ಆಗಲಿಲ್ಲ, ಅವು ನಿಮ್ಮ ಕಾಲದಲ್ಲಿದ್ದ ಹಾಗೇ ಬಿದ್ದಿವೆ. ಜೋಳದ ರೊಟ್ಟಿಯನ್ನು ಈಗಲೂ ಕೈಯಲ್ಲೇ ಬಡಿಯುತ್ತೇವೆ, ಅದರಲ್ಲಿ ಯಾವ ಯಂತ್ರದ ಆಟವೂ ನಡೆದಿಲ್ಲ. ಆದರೆ ಕಬ್ಬಿಣಕ್ಕೆ ಮಾತ್ರ ಬರ. ಕೆಲಸಕ್ಕೆ ಬಾರದ ಕಬ್ಬಿಣ ಯಾರ ಮನೆಯಲ್ಲಿದ್ದರೂ ಕರಗುಮನೆಗೆ ಒಪ್ಪಿಸಬೇಕು. ಅಲ್ಲಿ ಕರಗಿಸಿ ಸೇತುವೆಗೂ ಗಾಳಿಯಿಂದ ಕರೆಂಟು ತೆಗೆಯುವ ಗಾಳಿಕಂಬಕ್ಕೂ ಬಳಸುತ್ತಾರೆ. ಬಿಟ್ಟಿರುವುದು ಕೈಹುಟ್ಟುಗಳನ್ನು ಮಾತ್ರ. ಕಾರ್ಖಾನೆಯ ಅಚ್ಚಿನಲ್ಲಿ ಬಾರದೆ ಒಬ್ಬ ಮನುಷ್ಯನ ಕೈಯಲ್ಲಿ ಹುಟ್ಟಿದ್ದಕ್ಕೆ ನಾವು ಹಾಗೆ ಅನ್ನುತ್ತೇವೆ. ಅದನ್ನು ಇಟ್ಟುಕೊಳ್ಳಬೇಕಾದರೂ ಕೈಹುಟ್ಟು ಮಂಡಳಿಯವರು ಬಂದು ನೋಡಿ, ಕುಂದಿಲ್ಲ ಅಂತ ಬರೆದುಕೊಡಬೇಕು.

ನೀವು ಕೈಯಾರೆ ಮಾಡುವ ಹನ್ನೊಂದು ಸೈಕಲ್ಲುಗಳಲ್ಲಿ ಉಳಿದಿರುವುದು ಒಂದೇ, ಏಳನೆಯದು. ಅದು ನನ್ನ ಹತ್ತಿರ ಇದೆ. ಹನ್ನೊಂದು ಅನ್ನುವ ಲೆಕ್ಕ ನಿಮಗೇ ಇನ್ನೂ ಗೊತ್ತಿರಲಿಕ್ಕಿಲ್ಲ, ಇರಲಿ. ಕಪ್ಪು ಬಣ್ಣದ ಮೇಲೆ ಎಳ್ಳುಕಾಳಿನಷ್ಟು ಸಣ್ಣ ಹಳದಿ ಚುಕ್ಕೆಗಳು. ಕೊಳವೆಗಳು ಕೂಡುವಲ್ಲಿ ಹಿತ್ತಾಳೆ ಕರಗಿಸಿ ಬೆಸೆದಿದ್ದೀರಲ್ಲ, ಆ ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಶುರು, ಎಲ್ಲಿ ಮುಗಿತಾಯ ಒಂದೂ ತಿಳಿಯುವುದಿಲ್ಲ. ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು! ಪ್ರತಿ ಅಮಾವಾಸ್ಯೆಗೆ ನಮ್ಮ ನೋಟದ ಕೂಟ ಇರುತ್ತದೆ. ಕುಲುಮೆ ಆರಿಸಿ ಹತಾರಗಳಿಗೆ ಪೂಜೆ ಮಾಡುವ ನಿಮ್ಮ ಅಮಾವಾಸ್ಯೆ ಈಗ ಹೀಗಾಗಿದೆ. ಹುಬ್ಬಳ್ಳಿ, ಕೊಪ್ಪಳದಿಂದೆಲ್ಲ ಕೈಹುಟ್ಟು ಸೈಕಲ್ ಇದ್ದವರು ಬರುತ್ತಾರೆ. ಕಂಬಳಿ ಹಾಸಿ ನಿಲ್ಲಿಸುತ್ತೇವೆ. ಚೌಕಟ್ಟಿಗೆ ಕಿವಿಯಿಟ್ಟು ಉಗುರಿನಿಂದ ಟಕ್ ಅಂತ ಬಡಿದು ದನಿ ಕೇಳುತ್ತೇವೆ. ಗಾಲಿಯನ್ನು ಗಾಳಿಯಲ್ಲಿ ತಿರುಗಿಸಿ ಕಡ್ಡಿ ಎಣಿಸುತ್ತೇವೆ. ಹತ್ತುವುದು ಮಾತ್ರ ಇಲ್ಲ. ಕೈಹುಟ್ಟಿನ ಮೇಲೆ ಕೂರುವುದೆಂದರೆ ದೇವರ ಪೀಠದ ಮೇಲೆ ಕೂತಷ್ಟು ದೊಡ್ಡ ತಪ್ಪು. ಮೂವತ್ತೆಂಟು ವರ್ಷ ನಾನು ಅದನ್ನು ಒರೆಸಿದ್ದೇನೆ, ಎಣ್ಣೆ ಹಾಕಿದ್ದೇನೆ, ಅದರ ಮುಂದೆ ಕೂತು ಊಟ ಮಾಡಿದ್ದೇನೆ. ಗಂಡನ ಮುಖವನ್ನು ನಾನು ಇಷ್ಟು ನೋಡಿಲ್ಲ.

ಹೋದ ಶ್ರಾವಣದಲ್ಲಿ ಮಂಡಳಿಯ ಅಳತೆಗಾರ ರುದ್ರಮುನಿ ಹೂಗಾರ ಹೊಸ ಮಾಪಕ ಹಿಡಿದು ಬಂದರು. ಸಭ್ಯ ಮನುಷ್ಯ, ಆದರೆ ಅಳತೆ ತಪ್ಪಿದರೆ ತಾಯಿಯನ್ನೂ ಬಿಡುವವರಲ್ಲ. ಸೀಟು, ಚೌಕಟ್ಟು, ಗಾಲಿ ಎಲ್ಲ ಮುಗಿಸಿ ಪೆಡಲ್ ಸಿಕ್ಕಿಸುವ ಕಡ್ಡಿಗಳಿಗೆ ಬಂದರು. ನೀವು ಕ್ರ್ಯಾಂಕ್ ಅನ್ನುತ್ತೀರಂತೆ. ಬಲಗಡೆಯದನ್ನು ಅಳೆದರು, ಎಡಗಡೆಯದನ್ನು ಅಳೆದರು, ಮತ್ತೆ ಬಲಗಡೆಗೆ ಹೋದರು. "ಅಕ್ಕಾರ, ಎಡಗಡೀದು ಒಂದ್ ಬೆರಳು ಗಿಡ್ಡ ಐತ್ರೀ" ಅಂದರು. ಕುಂದು ಇದ್ದದ್ದು ಕೈಹುಟ್ಟಲ್ಲ, ಬರೀ ಕಬ್ಬಿಣ. ನಲವತ್ತು ದಿನದೊಳಗೆ ಕರಗುಮನೆಗೆ ಒಪ್ಪಿಸಬೇಕೆಂದು ಬರೆದು ಕೈಗಿಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ಹೋದ ಮೇಲೆ ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದೆ ಅಜ್ಜಾ. ಇಷ್ಟು ಚಂದ ಬೆಸುಗೆ ಹಾಕಿದವರಿಗೆ ಎರಡು ಕಡ್ಡಿ ಸಮ ಮಾಡಲು ಆಗಲಿಲ್ಲವೇ ಅಂತ. ಆ ದಿನಗಳಲ್ಲಿ ಅನ್ನ ಸೇರಲಿಲ್ಲ. ನಮ್ಮ ಮನೆತನದಲ್ಲಿ ನಿಮ್ಮದು ಅಂತ ಉಳಿದಿದ್ದದ್ದು ಅದೊಂದೇ.

ಪಕ್ಕದ ಮನೆಯ ಹಸೀನಾಬಿ ನೇಕಾರಳು. ಅವಳಿಗೆ ನಮ್ಮ ನೋಟದ ಕೂಟವೆಂದರೆ ಮೊದಲಿಂದಲೂ ನಗು. ಮೂವತ್ತೈದನೆಯ ದಿನ ಬೆಳಿಗ್ಗೆ ಬಂದು ನನ್ನ ಮುಖ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹೆಂಗೂ ಕರಗಸ್ತಾರಂತ. ಕರಗೂಕಿಂತ ಮೊದ್ಲ ಒಮ್ಮಿ ಹತ್ತಿ ಓಡಸವಾ. ಆ ಪಾಪದ್ದರ ಆಸೇನರ ತೀರ್‍ಲಿ" ಅಂದಳು. ನಾನು ಬಾಯಿ ಮುಚ್ಚು ಅಂದೆ. ಆದರೆ ಮಾತು ನಾಟಿತು. ನಿಮಗೆ ಒಂದು ವಿಷಯ ಹೇಳಬೇಕು. ನನ್ನ ಎಡಗಾಲು ಹುಟ್ಟಿನಿಂದ ಗಿಡ್ಡ. ನಮ್ಮ ವಂಶದಲ್ಲಿ ಆಗಾಗ ಒಬ್ಬ ಹೆಣ್ಣುಮಗಳಿಗೆ ಸೊಂಟದ ಕೀಲು ಹೀಗೆ ಬರುತ್ತದೆ. ಸಣ್ಣವಳಿದ್ದಾಗ ಈ ಸಂದಿಗಳಲ್ಲೇ ಅಚ್ಚಿನ ಸೈಕಲ್ ಕಲಿತಿದ್ದೆ. ಎರಡು ಸುತ್ತು ತುಳಿಯುವಷ್ಟರಲ್ಲಿ ಸೊಂಟ ಕಿತ್ತು ಬರುತ್ತಿತ್ತು, ಮೈ ಎಡಕ್ಕೆ ವಾಲುತ್ತಿತ್ತು, ಹುಡುಗರು ನಗುತ್ತಿದ್ದರು. ಹದಿನೈದಕ್ಕೆ ಬಿಟ್ಟುಬಿಟ್ಟೆ.

ಹಸೀನಾಬಿ ಹಿಂದೆ ಹಿಡಿದುಕೊಂಡಳು. ಸೀರೆ ಎತ್ತಿ ಕಟ್ಟಿ, ನಿಮ್ಮ ಹೆಸರು ಹೇಳಿ, ಕ್ಷಮಿಸಿರಿ ಅಂತ ಹತ್ತಿದೆ. ಮೊದಲು ಗೋಡೆಗೆ ಹೋಗಿ ಬಡಿದೆ. ಎರಡನೆಯ ಸಲ ಸಂದಿಯ ತುದಿಯವರೆಗೆ ಹೋದೆ. ತಿರುಗಿಸಿಕೊಂಡು ಬಂದೆ. ಅಯ್ಯೋ ಅಜ್ಜಾ, ಏನಂತ ಹೇಳಲಿ! ಸೊಂಟ ಅಲುಗಲಿಲ್ಲ. ಮೈ ವಾಲಲಿಲ್ಲ. ಎಡಗಾಲು ಕೆಳಗೆ ಹೋದಾಗ ಪೆಡಲು ಅಲ್ಲೇ ಕಾಯುತ್ತಿತ್ತು. ಏಳು ಸುತ್ತು ಹೊಡೆದ ಮೇಲೆ ನನಗೆ ಹೊಳೆಯಿತು. ಹಸೀನಾಬಿಗೆ ಅದಕ್ಕೂ ಮುಂಚೆಯೇ ಹೊಳೆದಿತ್ತಂತೆ. "ನಿನ್ನಂಥಾಕಿಗೇ ಮಾಡ್ಯಾನವಾ ಇದನ್ನ" ಅಂದಳು.

ಮಂಡಳಿಗೆ ಇಷ್ಟು ಸಾಲದು. ನನ್ನ ಕಾಲು ನಿಮ್ಮ ಕಾಲದಲ್ಲಿ ಇರಲಿಲ್ಲವಲ್ಲ, ಪುರಾವೆ ಬೇಕು. ಆಗ ನೆನಪಾದದ್ದು ಫೋಟೊ. ನಿಮ್ಮ ಹೆಂಡತಿ ಕಾಳವ್ವಜ್ಜಿ ಆ ಸೈಕಲ್ ಹಿಡಿದು ಅಂಗನವಾಡಿಯ ಮುಂದೆ ನಿಂತದ್ದು. ಅದನ್ನು ಕೂಟದವರೆಲ್ಲ ನೂರು ಸಲ ದೊಡ್ಡದು ಮಾಡಿ ನೋಡಿದ್ದೇವೆ. ಹ್ಯಾಂಡಲ್ಲಿನ ಬಾಗು ನೋಡಿದ್ದೇವೆ, ಗಂಟೆ ನೋಡಿದ್ದೇವೆ, ಚುಕ್ಕೆ ಎಣಿಸಿದ್ದೇವೆ. ಅದನ್ನು ಹಿಡಿದು ನಿಂತವಳನ್ನು ಒಬ್ಬರಾದರೂ ನೋಡಿರಲಿಲ್ಲ. ಈಗ ನೋಡಿದರೆ ಅಜ್ಜಿಯ ಎಡಗಾಲಿನ ಚಪ್ಪಲಿಗೆ ಅಟ್ಟೆಯ ಮೇಲೆ ಅಟ್ಟೆ, ಮೂರು ಪದರ. ಮೂವತ್ತೆಂಟು ವರ್ಷ ಆ ಫೋಟೊ ನನ್ನ ಗೋಡೆಯ ಮೇಲೇ ಇತ್ತು. ನನ್ನ ಕೆನ್ನೆಗೆ ನಾನೇ ಬಡಿದುಕೊಂಡೆ.

ಮೂವತ್ತೊಂಬತ್ತನೆಯ ದಿನ ಮಂಡಳಿಯ ಏಳೂ ಜನರ ಮುಂದೆ, ಅವರ ಅಂಗಳದಲ್ಲಿ, ಸೈಕಲ್ ಹತ್ತಿದೆ. ಇಬ್ಬರು ಕಣ್ಣು ಮುಚ್ಚಿಕೊಂಡರು, ಒಬ್ಬರು ರಾಮರಾಮಾ ಅಂದರು. ಹನ್ನೆರಡು ಸುತ್ತು ಹೊಡೆದು ಇಳಿದು, ಫೋಟೊ ಮುಂದಿಟ್ಟೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಹತ್ತಲಾರದ ನಾವು ಸೈಕಲ್ಲಿಗೆ ಕುಂದು ಹಚ್ಚಿದೆವು ಅಂತ ಹೇಳಿಯೂಬಿಟ್ಟೆ. ರುದ್ರಮುನಿಯವರು ಫೋಟೊವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಾಪಕ ತೆಗೆದು, ತಲೆ ತಗ್ಗಿಸಿ, "ತಪ್ಪ ತಿಳೀಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲೂ ಅಳೀಬೇಕ್ರಿ" ಅಂದರು. ಅಳೆದರು. ಒಂದು ಬೆರಳು, ಮೇಲೆ ಕೂದಲೆಳೆಯಷ್ಟು. ಅವರು ಕೂತಲ್ಲೇ ಕುಂದು ಅನ್ನುವ ಮಾತು ಹೊಡೆದುಹಾಕಿ, ಆಳಿಗೆ ಅಳೆದು ಮಾಡಿದ್ದು ಎಂದು ಬರೆದರು. ಮಂಡಳಿಯ ಪುಸ್ತಕದಲ್ಲಿ ಹಾಗೆ ಬರೆದದ್ದು ಅದೇ ಮೊದಲು. ಹೋದ ಜೀವ ಬಂದ ಹಾಗಾಯಿತು. ಅಷ್ಟು ಜನರ ಮುಂದೆ ಗೊಳೋ ಅಂತ ಅತ್ತೆ, ನಾಚಿಕೆಯೇನೂ ಆಗಲಿಲ್ಲ. ಮನೆಗೆ ಬಂದು ಎರಡು ರೊಟ್ಟಿ ಜಾಸ್ತಿ ಉಂಡು ಮಲಗಿದೆ. ಈಗ ದಿನಾ ಅದರ ಮೇಲೇ ಸಂತೆಗೆ ಹೋಗುತ್ತೇನೆ. ಕೂಟದ ಅರ್ಧ ಜನ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ, ಉಳಿದರ್ಧ ಕದ್ದು ತಮ್ಮ ತಮ್ಮ ಸೈಕಲ್ ಹತ್ತಿ ನೋಡುತ್ತಿದ್ದಾರೆ.

ಮಂಡಳಿಯ ಮುಂದೆ ನಾನೊಂದು ಮಾತು ಮುಚ್ಚಿಟ್ಟೆ. ಅದಕ್ಕೇ ಈ ಪತ್ರ. ನಮ್ಮ ಮನೆಯ ಹೆಂಗಸರ ಬಾಯಲ್ಲಿ ಕಾಳವ್ವಜ್ಜಿಯದೊಂದು ಮಾತು ಇಳಿದು ಬಂದಿದೆ. ಸೈಕಲ್ಲಿನ ಸುದ್ದಿ ಬಂದಾಗಲೆಲ್ಲ ಅಜ್ಜಿ ಅನ್ನುತ್ತಿದ್ದಳಂತೆ: "ಚಲೋವು ಊರ ಮಂದೀಗೆ. ಕೆಟ್ಟು ಮಾರಾಕ ಬರದ್ದು ನನಗ." ಮಂಡಳಿಯವರು ಇದನ್ನು ಕೇಳಿದ್ದರೆ, ಕುಂದು ಇತ್ತೆಂದು ಅಜ್ಜಿಯೇ ಹೇಳಿದ್ದಾಳೆ ಅಂದುಬಿಡುತ್ತಿದ್ದರು, ನನ್ನ ಕಥೆ ಮುಗಿಯುತ್ತಿತ್ತು. ಆ ಮಾತಿನಿಂದ ನನಗೆ ತಿಳಿದದ್ದು ಬೇರೆ: ಕಡ್ಡಿ ಯಾಕೆ ಗಿಡ್ಡ ಅಂತ ನೀವು ಅವಳಿಗೆ ಹೇಳಲೇ ಇಲ್ಲ. ಅವಳ ನಡಿಗೆ ನೋಡಿ, ಚಪ್ಪಲಿ ನೋಡಿ, ಕಣ್ಣಳತೆಯಲ್ಲೇ ಒಂದು ಬೆರಳು ಕಡಿದು, ಅಂಗಳದಲ್ಲಿ ನಿಲ್ಲಿಸಿ, ತಗೋ ಅಂದು ಕುಲುಮೆಗೆ ಹೋಗಿಬಿಟ್ಟಿರಿ. ನಮ್ಮ ಗಂಡಸರ ಜಾಯಮಾನ ನನಗೆ ಗೊತ್ತು, ನನ್ನ ಗಂಡನೂ ಅಷ್ಟೇ. ಅವಳೂ ಎರಡು ಕಡ್ಡಿ ನೋಡಿ, ಕೆಟ್ಟದ್ದು ಕೊಟ್ಟ ಅಂದುಕೊಂಡು, ನೋವಿಲ್ಲದೆ ಅದನ್ನೇ ತುಳಿಯುತ್ತ ಅಂಗನವಾಡಿ ಕೆಲಸಕ್ಕೆ ಊರೂರು ತಿರುಗಿದಳು.

ಹೀಗೆ ಮಾಡಿದ್ದೇನೆ ಅಂತ ಎಲ್ಲಾದರೂ ಬರೆದಿಡಿ ಎಂದು ಕೇಳಬೇಕೆಂದುಕೊಂಡಿದ್ದೆ. ಬೇಡ. ಬರೆದರೆ ಆ ಕಾಗದಕ್ಕೂ ಗಾಜು ಹಾಕಿ, ಅದಕ್ಕೂ ಕಿವಿಯಿಟ್ಟು ಕೇಳುತ್ತಾರೆ ನಮ್ಮವರು. ನಿಮ್ಮ ಸೈಕಲ್ಲು ಉಳಿಯಿತು, ನಾನು ನಿಶ್ಚಿಂತಳಾದೆ, ನನಗಾಗಿ ನೀವು ಮಾಡಬೇಕಾದ್ದು ಏನೂ ಇಲ್ಲ. ಈ ಪತ್ರ ಮಡಚಿ ಒಲೆಗೆ ಹಾಕಿರಿ. ಹಾಕಿ, ಅಲ್ಲೇ ರೊಟ್ಟಿ ಬಡಿಯುತ್ತಿರುವವಳ ಹತ್ತಿರ ಕೂತು, "ಕಾಳೀ, ಅದು ಕೆಟ್ಟದ್ದಲ್ಲ, ನಿನ್ನ ಕಾಲಿಗಂತನ ಮಾಡೇನಿ" ಅಂತ ಒಮ್ಮೆ ಬಾಯಿಬಿಟ್ಟು ಹೇಳಿರಿ.

ನಿಮ್ಮ,
ಸುಗಲಾ